ತಪಾಸಣೆಯಲ್ಲಿ ಕಲಿತದ್ದನ್ನು ಹಂಚಿಕೊಳ್ಳಲು: ವಾಟ್ಸಾಪ್, ಸಭೆ ಅಥವಾ ಶಿಬಿರ ಭೇಟಿ?

ಬಿಪಿ, ಸಕ್ಕರೆ ಕಾಯಿಲೆ, ಕ್ಯಾನ್ಸರ್ ತಪಾಸಣೆಯಲ್ಲಿ ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಆರೋಗ್ಯ ಕಾರ್ಯಕರ್ತರು ಕಲಿತದ್ದು ಪೈವಳಿಕೆ ಪಂಚಾಯತಿನವರಿಗೆ ಮುಟ್ಟಲು ಯಾವ ದಾರಿ ಒಳ್ಳೆಯದು ಎಂದು ಆಶಾ ಕಾರ್ಯಕರ್ತೆಯೊಬ್ಬರು ಕೇಳಿದ್ದಾರೆ.

ಖರ್ಚಿನಲ್ಲಿ ವಾಟ್ಸಾಪ್‌ಗೆ ಸಾಟಿಯಿಲ್ಲ. ಖಾಲಿ ಹೊಟ್ಟೆಯಲ್ಲಿ ಬರಲು ಹಿಂದಿನ ಸಂಜೆಯೇ ಫೋನ್ ಮಾಡಿ ನೆನಪಿಸುವಂಥ ಉಪಾಯ ಮಂಜೇಶ್ವರದಿಂದ ದೇಲಂಪಾಡಿಗೆ ಕ್ಷಣದಲ್ಲಿ ತಲುಪುತ್ತದೆ. ಆದರೆ ಶುಭೋದಯಗಳ ರಾಶಿಯಡಿ ಅಷ್ಟೇ ಬೇಗ ಹೂತುಹೋಗುತ್ತದೆ. ರೋಗಿಯ ಹೆಸರು, ಚೀಟಿಯ ಫೋಟೊ ಅಲ್ಲಿ ಖಂಡಿತ ಬೇಡ.

ಕೈಕೆಲಸ ಕಲಿಯಲು ಮಾತ್ರ ಇನ್ನೊಬ್ಬರ ಶಿಬಿರಕ್ಕೇ ಹೋಗಬೇಕು. ಬಿಪಿ ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರಿಸಬೇಕು. ಬೆನ್ನಿಗೆ ಆಸರೆ, ಪಾದ ನೆಲಕ್ಕೆ, ತೋಳು ಎದೆಯ ಮಟ್ಟಕ್ಕೆ ಇರಬೇಕು. ದಪ್ಪ ತೋಳಿಗೆ ಸಣ್ಣ ಪಟ್ಟಿ ಸುತ್ತಿದರೆ ಅಂಕಿ ಇರುವುದಕ್ಕಿಂತ ಹೆಚ್ಚು ಬರುತ್ತದೆ. ಸಾಲು ಉದ್ದವಿದ್ದಾಗ ಇದನ್ನೆಲ್ಲ ಹೇಗೆ ನಿಭಾಯಿಸುತ್ತಾರೆಂದು ಕಣ್ಣಾರೆ ನೋಡಬೇಕು. 30 ದಾಟಿದ ಹೆಂಗಸರನ್ನು ಗರ್ಭಕಂಠ ಕ್ಯಾನ್ಸರ್ ತಪಾಸಣೆಗೆ ಒಪ್ಪಿಸುವ ಮಾತೂ ಹೀಗೆಯೇ, ಕೇಳಿಯೇ ಬರಬೇಕು. ಬಸ್ಸಿನ ಖರ್ಚು, ಒಂದು ದಿನದ ಕೆಲಸ ಹೋಗುತ್ತದೆ, ನಿಜ, ನನಗದು ನಷ್ಟವೆನಿಸುವುದಿಲ್ಲ.

ತಪ್ಪಿನ ಪಾಠಕ್ಕೆ ಸಭೆಯೇ ಸರಿ. ಎರಡು ಸಲವೂ ಬಿಪಿ 140/90 ದಾಟಿದವರು ಆಸ್ಪತ್ರೆಗೆ ಹೋಗಲೇ ಇಲ್ಲವೆಂದರೆ ಎಲ್ಲಿ ಕೊಂಡಿ ತಪ್ಪಿತೆಂದು ಮುಖಾಮುಖಿಯೇ ಮಾತಾಡಬೇಕು. ಯಾರ ಮೇಲೂ ತಪ್ಪು ಹೊರಿಸದ ಹಿರಿಯರೊಬ್ಬರು ಸಭೆ ನಡೆಸಿ, ತೀರ್ಮಾನವನ್ನು ಪುಸ್ತಕದಲ್ಲಿ ಬರೆದಿಟ್ಟರೆ ಅದು ಬಾಳುತ್ತದೆ.

ಹೊಸಬರು ಹೆಚ್ಚಿದ್ದರೆ ಭೇಟಿ ಇಟ್ಟುಕೊಳ್ಳಿ. ನರ್ಸ್‌ಗಳ ವರ್ಗಾವಣೆ ಪದೇಪದೇ ಆಗುವಲ್ಲಿ ಸಭೆ, ಪುಸ್ತಕ ಬೇಕು. ಮಳೆಗಾಲದಲ್ಲಿ ಗುಡ್ಡದ ವಾರ್ಡಿನವರಿಗೆ ವಾಟ್ಸಾಪ್ ಸಾಕು, ಆದರೆ ಓದಲು ಬಿಡುವಿಲ್ಲದವರಿಗೆ ಕನ್ನಡದಲ್ಲೋ ತುಳುವಿನಲ್ಲೋ ಧ್ವನಿ ಸಂದೇಶ ಕಳಿಸಿ.