ಹಳೆ ಗಾಡಿ ಆಕ್ಸಿಜನ್ ಸೆನ್ಸರ್ ಚೆಕ್ ಮಾಡೋಕೆ ಸ್ಕ್ಯಾನರ್ರಾ, ಮಲ್ಟಿಮೀಟರ್ರಾ?

ಮೈಲೇಜ್ ಬಿದ್ದೋಗಿದೆ, ಸೈಲೆನ್ಸರ್ ಬಾಯಿ ಕಪ್ಪಗಾಗಿದೆ, ಚೆಕ್ ಇಂಜಿನ್ ಲೈಟ್ ಬೇರೆ ಉರೀತಿದೆ ಅಂತ ಸೀದಾ ಹೊಸ ಆಕ್ಸಿಜನ್ ಸೆನ್ಸರ್ (ಹೊಗೇಲಿ ಎಷ್ಟು ಆಕ್ಸಿಜನ್ ಉಳಿದಿದೆ ಅಂತ ಅಳೆಯೋದು) ತಗೋಬೇಡಿ.

ಬ್ಲೂಟೂತ್ ಸ್ಕ್ಯಾನರ್ ಸುಲಭ, ಸ್ಟೇರಿಂಗ್ ಕೆಳಗೆ ಚುಚ್ಚಿ ಮೊಬೈಲಲ್ಲಿ ನೋಡೋದಷ್ಟೆ, ಆದ್ರೆ ನಮ್ಮಲ್ಲಿ 2010ಕ್ಕೆ ಮುಂಚೆ ಓಬಿಡಿ (ಗಾಡಿ ತನ್ನ ದೋಷ ತಾನೇ ಪತ್ತೆ ಹಚ್ಚೋ ವ್ಯವಸ್ಥೆ, ಸ್ಕ್ಯಾನರ್ ಓದೋದು ಇದನ್ನೇ) ಕಡ್ಡಾಯ ಇರ್ಲಿಲ್ಲ, ಹಾಗಾಗಿ ಹಳೆ ಗಾಡೀಲಿ ಕನೆಕ್ಟೇ ಆಗ್ದೆ ಇರಬಹುದು. ಪಿ0171 ಅನ್ನೋ ದೋಷದ ಕೋಡ್ ಬಂತು ಅಂದ್ರೂ ಮಿಕ್ಸ್ಚರ್ ಲೀನ್ (ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ) ಅಂತಷ್ಟೇ ಅರ್ಥ, ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಿದ್ರೂ ಅದೇ ಬರುತ್ತೆ, ಪಾಪ ಸೆನ್ಸರ್ ನಿಜಾನೇ ಹೇಳ್ತಿರುತ್ತೆ.

ಮಲ್ಟಿಮೀಟರ್ ಕೈ ಮಸಿ ಆಗೋ ಕೆಲಸ, ಆದ್ರೆ ನನಗೆ ಇದ್ರ ಮೇಲೇ ನಂಬಿಕೆ ಜಾಸ್ತಿ. ಡಿಜಿಟಲ್ ಮೀಟರೇ ಬೇಕು. ಇಂಜಿನ್ ಚೆನ್ನಾಗಿ ಬಿಸಿಯಾದ್ಮೇಲೆ ಕನೆಕ್ಟರ್ ಬಿಚ್ಚದೆ ಹಿಂದ್ಗಡೆಯಿಂದ ಸಿಗ್ನಲ್ ವೈರಿಗೆ ಪಿನ್ ತೂರ್ಸಿ, ರೇಸ್ 2000 ಆರ್‌ಪಿಎಂ ಹತ್ರ ಹಿಡಿದ್ರೆ ಮಾಮೂಲಿ ಜಿರ್ಕೋನಿಯಾ ಸೆನ್ಸರ್ 0.1ರಿಂದ 0.9 ವೋಲ್ಟ್ ನಡುವೆ ಜೋಕಾಲಿ ಥರ ತೂಗ್ತಾನೇ ಇರಬೇಕು. ಒಂದೇ ಕಡೆ ಕೂತ್ಕೊಂಡ್ರೆ ಡೌಟು, ಆದ್ರೂ ಮೊದಲು ಎಕ್ಸಾಸ್ಟ್ ಲೀಕ್ ನೋಡ್ಕೊಳ್ಳಿ. ನಾಲ್ಕು ವೈರಿನದಾದ್ರೆ ಕನೆಕ್ಟರ್ ಬಿಚ್ಚಿ ಒಂದೇ ಬಣ್ಣದ ಎರಡು ವೈರ್ ಮಧ್ಯೆ ಓಮ್ಸ್ ನೋಡಿ, ಸಾಮಾನ್ಯವಾಗಿ ಅದು ಸೆನ್ಸರನ್ನ ಬಿಸಿ ಮಾಡೋ ಹೀಟರು, ಓಪನ್ (ಒಳಗೆ ಸರ್ಕ್ಯೂಟ್ ಕಟ್ ಆಗಿದೆ) ಅಂತ ಬಂದ್ರೆ ಅದು ಸುಟ್ಟೋಗಿದೆ.

ಹಳೇ ಝೆನ್, ಎಸ್ಟೀಮ್ ಥರದ್ದಕ್ಕೆ ಮೀಟರ್ ತಗೊಳ್ಳಿ, ಓಬಿಡಿ ಇರೋ ಗಾಡಿಗೆ ಲೈವ್ ಗ್ರಾಫ್ ತೋರ್ಸೋ ಸ್ಕ್ಯಾನರ್ ಸಾಕು.