ನಿಮ್ಹಾನ್ಸ್‌ನಲ್ಲಿ ತಂಗಿಯ ಕಾಯಿಲೆಗೆ ಸಿಕ್ಕ ಹೆಸರು

ಖಾಸಗಿ ಆಸ್ಪತ್ರೆಯೊಂದು ಮಾನಸಿಕ ಕಾಯಿಲೆಯೆಂದು ಹೇಳಿ ಮೂರು ವಾರ ಮಾತ್ರೆ ಕೊಟ್ಟಿತ್ತು. ತಂಗಿಯ ಮಾತು ನಿಂತು, ಬಾಯಿ ಜಗಿಯುವಂತೆ ತಾನಾಗಿಯೇ ಅಲ್ಲಾಡತೊಡಗಿದಾಗ ಅವಳನ್ನು ಬೆಂಗಳೂರಿನ ನಿಮ್ಹಾನ್ಸ್‌ಗೆ ಕರೆದೊಯ್ದೆವು. ಎಂಆರ್‌ಐ ಸಹಜವಾಗಿದ್ದರೂ ಅಲ್ಲಿನ ವೈದ್ಯರು ಅಷ್ಟಕ್ಕೇ ಬಿಡದೆ, ಮಿದುಳಿನ ವಿದ್ಯುತ್ ಚಟುವಟಿಕೆ ನೋಡುವ ಇಇಜಿ ಮಾಡಿಸಿ, ಬೆನ್ನಿನಿಂದ ನೀರು ತೆಗೆದು, ಅದನ್ನೂ ರಕ್ತವನ್ನೂ ಪ್ರತಿಕಾಯಗಳ (ದೇಹದ ರಕ್ಷಣಾ ವ್ಯವಸ್ಥೆ ತಯಾರಿಸುವ ಆಂಟಿಬಾಡಿಗಳ) ಪರೀಕ್ಷೆಗೆ ಕಳುಹಿಸಿದರು. ವರದಿಗೆ ಕಾಯದೆ, ಆ ವ್ಯವಸ್ಥೆಯ ಅಬ್ಬರವನ್ನು ತಗ್ಗಿಸುವ ಸ್ಟೀರಾಯ್ಡ್ ಆರಂಭಿಸಿದ್ದು ನಾನು ಬಹಳ ಮೆಚ್ಚಿದ ಸಂಗತಿ. ದೇಹದ ರಕ್ಷಣಾ ವ್ಯವಸ್ಥೆಯ ಪ್ರತಿಕಾಯಗಳೇ ಮಿದುಳಿನ ನರಕೋಶಗಳು ಸಂಕೇತ ಪಡೆಯುವ ಎನ್‌ಎಂಡಿಎ ಗ್ರಾಹಕಗಳ ಮೇಲೆ ತಿರುಗಿಬಿದ್ದಿರುವುದು ಆಮೇಲೆ ಖಚಿತವಾಯಿತು; ಕಾಯಿಲೆಯ ಹೆಸರು ಆಂಟಿ-ಎನ್‌ಎಂಡಿಎ ಗ್ರಾಹಕ ಎನ್ಸೆಫಲೈಟಿಸ್, ಅಂದರೆ ಒಂದು ಬಗೆಯ ಮಿದುಳಿನ ಉರಿಯೂತ. ಈ ಪ್ರತಿಕಾಯವನ್ನು ವೈದ್ಯಲೋಕ ಗುರುತಿಸಿದ್ದೇ 2007ರಲ್ಲಿ. ಅಂಡಾಶಯದ ಗೆಡ್ಡೆಯಿಂದಲೂ ಇದು ಬರಬಹುದಾದ್ದರಿಂದ ಹೊಟ್ಟೆಯ ಸ್ಕ್ಯಾನಿಂಗನ್ನೂ ಮರೆಯಲಿಲ್ಲ. ಹನ್ನೊಂದನೆಯ ದಿನ ಅವಳು ಬಾಯಿಬಿಟ್ಟು ಕೇಳಿದ್ದು ಒಂದು ಲೋಟ ಮಜ್ಜಿಗೆ.