ಹಳೇ ಫ್ಲೈವೀಲ್‌ಗೆ ಸಾಣೆಯಾ, ಇಲ್ಲ ಹೊಸದೇ ಹಾಕೋದಾ? ನಮ್ಮ ಮನೆಯ ಎರಡು ಟ್ರ್ಯಾಕ್ಟರ್ ಕಥೆ

ನಮ್ಮ ಮನೆಯಲ್ಲಿ ಎರಡು ಟ್ರ್ಯಾಕ್ಟರ್ ಇವೆ. ಒಂದು ನನ್ನದು, ಒಂದು ತಮ್ಮನದು. ಒಂದೇ ಕಂಪನಿ, ಒಂದೇ ಮಾಡೆಲ್, 45 ಎಚ್‌ಪಿ, ಮೂರು ಸಿಲಿಂಡರ್, 12 ಇಂಚಿನ ಸಿಂಗಲ್ ಕ್ಲಚ್. ತಗೊಂಡಿದ್ದರಲ್ಲಿ ಆರು ತಿಂಗಳ ಅಂತರ ಅಷ್ಟೆ. ಎರಡು ವರ್ಷದ ಹಿಂದೆ, ಕಬ್ಬಿನ ಸೀಸನ್ ಶುರುವಾಗುವ ಮುಂಚೆ, ಎರಡಕ್ಕೂ ಕ್ಲಚ್ ಬದಲಾಯಿಸಿದೆವು. ಕಂಪನಿಯ ಮಾಮೂಲಿ ಲೈನಿಂಗ್ ಪ್ಲೇಟ್ ತೆಗೆದು ಸೆರಾಮಿಕ್ ಬಟನ್ ಪ್ಲೇಟ್, ಅಂದರೆ ಲೈನಿಂಗ್ ಬದಲು ಗಟ್ಟಿ ಬಿಲ್ಲೆಗಳಿರುವ ಕ್ಲಚ್ ಪ್ಲೇಟ್, ಹಾಕಿಸಿದೆವು. ಜೊತೆಗೆ ಅದನ್ನು ಒತ್ತಿ ಹಿಡಿಯೋಕೆ ತಕ್ಕ ಗಟ್ಟಿ ಪ್ರೆಷರ್ ಪ್ಲೇಟ್. ಸೆಟ್ ಎರಡಕ್ಕೂ ಒಂದೇ. ಫ್ಲೈವೀಲ್, ಅಂದರೆ ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಕ್ಲಚ್ ಪ್ಲೇಟ್ ಉಜ್ಜೋದು ಇದರ ಮುಖಕ್ಕೇ. ಅದರ ವಿಚಾರದಲ್ಲಿ ಮಾತ್ರ ಅಣ್ಣತಮ್ಮಂದಿರ ದಾರಿ ಬೇರೆಯಾಯಿತು. ನಾನು ಹಳೇದರ ಮುಖಕ್ಕೇ ಸಾಣೆ ಹೊಡೆಸಿ ಸಮ ಮಾಡಿಸಿದೆ. ಅವನು ಹೊಸದು ತಂದ.

ಮಂಡ್ಯ ಕಡೆಯವರಿಗೆ ಕ್ಲಚ್ ಯಾಕೆ ಹೋಗುತ್ತೆ ಅಂತ ಬಿಡಿಸಿ ಹೇಳಬೇಕಿಲ್ಲ. ಕೆಸರು ಗದ್ದೆಯಿಂದ ಕಬ್ಬಿನ ಲೋಡ್ ಎಳೆದು ನಾಲೆ ಏರಿ ಹತ್ತಿಸಬೇಕು. ಅದಾದ ಮೇಲೆ ಕಾರ್ಖಾನೆ ಗೇಟಿನ ಮುಂದೆ ಸಾಲು. ರಾತ್ರಿಯೆಲ್ಲಾ ಹತ್ತಡಿ ಮುಂದಕ್ಕೆ, ನಿಲ್ಲು, ಮತ್ತೆ ಹತ್ತಡಿ. ಪ್ರತಿ ಹತ್ತಡಿಗೂ ಹಾಫ್ ಕ್ಲಚ್. ಬೆಳಗಿನ ಜಾವಕ್ಕೆ ಆ ಸಾಲಿನಲ್ಲಿ ಕಬ್ಬಿನ ವಾಸನೆಗಿಂತ ಸುಟ್ಟ ಲೈನಿಂಗ್ ವಾಸನೆಯೇ ಜಾಸ್ತಿ.

ಗಾಡಿಯನ್ನು ಎರಡು ಹೋಳು ಮಾಡಿ, ಅಂದರೆ ಇಂಜಿನ್ ಬೇರೆ ಗೇರ್‌ಬಾಕ್ಸ್ ಬೇರೆ ಮಾಡಿ, ಪ್ರೆಷರ್ ಪ್ಲೇಟ್ ಬಿಚ್ಚಿದಾಗ ನನ್ನ ಫ್ಲೈವೀಲ್ ಮುಖದ ಮೇಲೆ ಐದಾರು ನೀಲಿ ಕಲೆಗಳಿದ್ದವು, ಎಂಟಾಣೆ ನಾಣ್ಯದಷ್ಟು ಅಗಲ. ನಡುವೆ ಕೂದಲೆಳೆಯಂಥ ಬಿರುಕುಗಳು. ಈ ನೀಲಿ ಕಲೆ ಬರೀ ಬಣ್ಣ ಅಲ್ಲ. ಕ್ಲಚ್ ಜಾರುವಾಗ ಅಷ್ಟು ಜಾಗ ಮಾತ್ರ 700 ಡಿಗ್ರಿ ದಾಟಿ ಕಾದಿರುತ್ತೆ. ಸುತ್ತಲಿನ ತಣ್ಣನೆ ಕಬ್ಬಿಣ ಆ ಕಾವನ್ನು ಥಟ್ಟನೆ ಹೀರಿಕೊಂಡುಬಿಡುತ್ತೆ. ಕುಲುಮೆಯಲ್ಲಿ ಕುಡುಗೋಲು ಕಾಯಿಸಿ ನೀರಿಗೆ ಅದ್ದಿದ ಹಾಗೆ ಆ ಜಾಗ ಗಟ್ಟಿಯಾಗುತ್ತೆ. ಸುತ್ತಲಿನ ಮೆತ್ತನೆ ಭಾಗ ಸವೆಯುತ್ತಾ ಹೋಗುತ್ತೆ, ಗಟ್ಟಿ ಜಾಗ ದಿಬ್ಬದ ಹಾಗೆ ಎದ್ದು ನಿಲ್ಲುತ್ತೆ. ಅದರ ಮೇಲೆ ಎಂಥ ಹೊಸ ಪ್ಲೇಟ್ ಕೂರಿಸಿದರೂ ಗಾಡಿ ಎತ್ತುವಾಗ ಅದುರುತ್ತೆ.

ಇದು ನನಗೆ ಹೇಗೆ ಗೊತ್ತು ಅಂದರೆ, ಒಂದು ಸಲ ಪೆಟ್ಟು ತಿಂದಿದ್ದೆ. ಅದಕ್ಕೂ ನಾಲ್ಕು ವರ್ಷ ಮುಂಚೆ ಇದೇ ಫ್ಲೈವೀಲನ್ನು ಊರ ಹತ್ತಿರದ ಲೇತ್‌ನಲ್ಲಿ ಫೇಸಿಂಗ್ ಹೊಡೆಸಿದ್ದೆ. ಲೇತ್ ಟೂಲ್ ಮೆತ್ತನೆ ಜಾಗವನ್ನು ನೀಟಾಗಿ ಕತ್ತರಿಸಿತು. ನೀಲಿ ಕಲೆ ಬಂದಾಗ 'ಟಿಕ್' ಅಂತ ಹಾರಿ ಮುಂದೆ ಹೋಯಿತು. ಕಣ್ಣಿಗೆ ಕನ್ನಡಿಯ ಹಾಗೆ ಕಾಣುತ್ತಿತ್ತು. ಸ್ಟೀಲ್ ಸ್ಕೇಲನ್ನು ಅಡ್ಡಡ್ಡ ನಿಲ್ಲಿಸಿ ಹಿಂದಿನಿಂದ ಬ್ಯಾಟರಿ ಬಿಟ್ಟು ನೋಡಿದ್ದರೆ ಸಂದಿಯಲ್ಲಿ ಬೆಳಕು ಕಾಣುತ್ತಿತ್ತೋ ಏನೋ, ಆಗ ನೋಡುವ ಬುದ್ಧಿ ಇರಲಿಲ್ಲ. ಮೊದಲ ದಿನದಿಂದಲೇ ಫಸ್ಟ್ ಗೇರಿನಲ್ಲಿ ನಡುಕ. ಹಾಗಾಗಿ ಈ ಸಲ ಲೇತ್ ಬೇಡ, ಸಾಣೆ ಕಲ್ಲಿನಲ್ಲೇ ಆಗಬೇಕು ಅಂತ ತೀರ್ಮಾನ ಮಾಡಿದ್ದೆ. ಕಲ್ಲಿಗೆ ಗಟ್ಟಿ, ಮೆತ್ತಗೆ ಅನ್ನೋ ಭೇದ ಇಲ್ಲ, ಎರಡನ್ನೂ ಸಮವಾಗಿ ತಿನ್ನುತ್ತೆ.

ಸಾಣೆಗೆ ಮುಂಚೆ ಬಿರುಕಿನ ಪರೀಕ್ಷೆ. ಮೆಕ್ಯಾನಿಕ್ ಫ್ಲೈವೀಲನ್ನು ಹಗ್ಗದಲ್ಲಿ ನೇತು ಹಾಕಿ ಸಣ್ಣ ಸುತ್ತಿಗೆಯಲ್ಲಿ ತಟ್ಟಿದ. ದೇವಸ್ಥಾನದ ಗಂಟೆಯ ಹಾಗೆ ನಾದ ಬಂತು. ಒಳಗೆ ಆಳವಾಗಿ ಸೀಳಿದ್ದರೆ ಒಡೆದ ಮಡಕೆ ಸದ್ದು ಬರುತ್ತೆ. ಆಮೇಲೆ ಮುಖಕ್ಕೆ ಸೀಮೆಎಣ್ಣೆ ಹಚ್ಚಿ ಅರ್ಧ ಗಂಟೆ ಬಿಟ್ಟ. ಒಣ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿದ. ಮೇಲೆ ಸೀಮೆಸುಣ್ಣದ ಪುಡಿ ಉದುರಿಸಿದ. ಬಿರುಕಿನೊಳಗೆ ಉಳಿದ ಎಣ್ಣೆ ನಿಧಾನಕ್ಕೆ ಮೇಲೆ ಬಂದು ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಎಳೆಯಿತು. ನನ್ನದರಲ್ಲಿ ಎಲ್ಲಾ ಗೆರೆಗಳೂ ಗಿಡ್ಡ, ಉಗುರಿನುದ್ದ, ಮುಖದ ಮಧ್ಯದಲ್ಲೇ ನಿಂತಿದ್ದವು. ಬೋಲ್ಟ್ ತೂತಿನ ತನಕವೋ ಅಂಚಿನ ತನಕವೋ ಓಡಿದ್ದರೆ ಅದು ಗುಜರಿಗೇ ಸರಿ. ತಿರುಗುವಾಗ ಒಡೆದರೆ ಸುತ್ತ ಮುಚ್ಚಿರುವ ಬೆಲ್ ಹೌಸಿಂಗ್ ಸೀಳಿಕೊಂಡು ಕಾಲಿಗೇ ಬರುತ್ತೆ. ತಮ್ಮನದಕ್ಕೂ ಇದೇ ಪರೀಕ್ಷೆ ಮಾಡಿದೆವು. ಅವನದು ನನ್ನದಕ್ಕಿಂತ ಚೆನ್ನಾಗಿತ್ತು! ಆದರೆ ಅಂಚಿನ ರಿಂಗ್ ಗೇರ್, ಅಂದರೆ ಸೆಲ್ಫ್ ಮೋಟಾರ್ ಕಚ್ಚುವ ಬಳೆ, ಅದರ ಹಲ್ಲು ಸವೆದು ಸೆಲ್ಫ್ ಹೊಡೆದಾಗೆಲ್ಲ ಕರ್ ಕರ್ ಅನ್ನುತ್ತಿತ್ತು. ಅವನಿಗೆ ತಾಳ್ಮೆಯೂ ಕಮ್ಮಿ. "ನಂಗೆ ಇದ್ ಬ್ಯಾಡ ಕಣಣ್ಣ, ಒಂದೇ ಸಲ ಹೊಸದಾಕ್ಬುಡ್ತೀನಿ" ಅಂದ.

ನಾನು ಗೋಣಿಚೀಲಕ್ಕೆ ಹಾಕಿಕೊಂಡು ಮೈಸೂರಿನ ಬಸ್ ಹತ್ತಿದೆ. 45 ಕಿಲೋಮೀಟರ್. ಚೀಲ ನೋಡಿ ಕಂಡಕ್ಟರ್, "ಏನಣ್ಣ, ಬೀಸೋ ಕಲ್ಲಾ?" ಅಂತ ಕೇಳಿದರು. ಲಗೇಜ್ ಚೀಟಿ ಹರಿಯುವ ಮುಂಚೆ ಒಂದು ಸಲ ಎತ್ತಿ ನೋಡಿ ಸುಮ್ಮನೆ ಕೆಳಗಿಟ್ಟರು.

ಬನ್ನಿಮಂಟಪದ ಕಡೆ ಒಬ್ಬರು ಹಿರಿಯರ ಗ್ರೈಂಡಿಂಗ್ ಶಾಪ್. ಅವರು ಮೊದಲು ಮಾಡಿದ್ದು ಪ್ರೆಷರ್ ಪ್ಲೇಟನ್ನು ಸರಿಯಾದ ಜಾಗಕ್ಕೆ ಕೂರಿಸುವ ಲೊಕೇಟಿಂಗ್ ಪಿನ್ನುಗಳನ್ನು ಕಿತ್ತು ನನ್ನ ಕೈಗೆ ಕೊಟ್ಟಿದ್ದು. ಅವು ಇದ್ದರೆ ಕಲ್ಲು ಪೂರ್ತಿ ಮುಖಕ್ಕೆ ಓಡಲ್ಲ. ಆಮೇಲೆ ನೋಡಿದ್ದು ಮೆಟ್ಟಿಲು. ಕೆಲವು ಫ್ಲೈವೀಲ್‌ನಲ್ಲಿ ಪ್ಲೇಟ್ ಉಜ್ಜುವ ಮುಖ ಒಂದು ಮಟ್ಟದಲ್ಲಿ, ಪ್ರೆಷರ್ ಪ್ಲೇಟ್ ಕೂರುವ ಅಂಚು ಇನ್ನೊಂದು ಮಟ್ಟದಲ್ಲಿ ಇರುತ್ತೆ. ಅಂಥದ್ದರಲ್ಲಿ ಉಜ್ಜುವ ಮುಖ ಮಾತ್ರ ತೆಗೆದರೆ ಪ್ರೆಷರ್ ಪ್ಲೇಟಿನ ಹಿಡಿತ ಸಡಿಲವಾಗುತ್ತೆ. ಮುಖದಲ್ಲಿ ತೆಗೆದಷ್ಟನ್ನೇ ಅಂಚಿನಲ್ಲೂ ತೆಗೆಯಬೇಕು. ಗಟ್ಟಿ ಪ್ರೆಷರ್ ಪ್ಲೇಟಿಗೆ ದುಡ್ಡು ಸುರಿದು ಇಲ್ಲಿ ಎಡವಿದವರನ್ನು ನೋಡಿದ್ದೇನೆ. ನನ್ನದು ಚಪ್ಪಟೆ, ಆ ತಲೆನೋವು ಇರಲಿಲ್ಲ.

ನೀಲಿ ಕಲೆ ಪೂರ್ತಿ ಹೋಗುವಷ್ಟರಲ್ಲಿ 0.4 ಮಿಲಿಮೀಟರ್ ತೆಗೆದರು. ತೂಕದಲ್ಲಿ ಅರ್ಧ ಕೆಜಿಗೂ ಕಮ್ಮಿ, ಎಳೆಯುವ ತಾಕತ್ತಿಗೆ ಏನೂ ಆಗಲ್ಲ. ಜಾಸ್ತಿ ತೆಗೆದರೆ ತೊಂದರೆ ಬೇರೆ ಕಡೆ ಬರುತ್ತೆ. ಮುಖ ಒಳಗೆ ಸರಿದಷ್ಟೂ ಕ್ಲಚ್ ಪ್ಲೇಟಿನ ನಡುಭಾಗ ಫ್ಲೈವೀಲ್ ಬೋಲ್ಟುಗಳ ತಲೆಗೆ ಹತ್ತಿರ ಬರುತ್ತೆ, ಕೊನೆಗೆ ತಾಗುತ್ತೆ. ರಿಂಗ್ ಗೇರನ್ನೂ ಅವರೇ ತಿರುಗಿಸಿ ಕೊಟ್ಟರು. ಮೂರು ಸಿಲಿಂಡರ್ ಇಂಜಿನ್ ಆಫ್ ಆದಾಗ ಹೆಚ್ಚುಕಮ್ಮಿ ಮೂರೇ ಜಾಗದಲ್ಲಿ ನಿಲ್ಲುತ್ತೆ. ಸೆಲ್ಫ್ ಹಲ್ಲು ಕಚ್ಚುವುದೂ ಆ ಮೂರು ಜಾಗವನ್ನೇ. ಉಳಿದ ಹಲ್ಲುಗಳೆಲ್ಲ ಹೊಸದರ ಹಾಗೇ ಇರುತ್ತವೆ. ರಿಂಗನ್ನು ಹದವಾಗಿ ಕಾಯಿಸಿ, ಬಿಚ್ಚಿ, ಸ್ವಲ್ಪ ತಿರುಗಿಸಿ ಮತ್ತೆ ಕೂರಿಸಿದರೆ ಆಯಿತು. ಕೆಂಪಗೆ ಕಾಯಿಸಿಬಿಟ್ಟರೆ ಮಾತ್ರ ಹಲ್ಲಿನ ಹದ ಹೋಗುತ್ತೆ. ಸಾಣೆಗೆ 1,400, ರಿಂಗಿಗೆ 500, ಒಟ್ಟು 1,900 ರೂಪಾಯಿ. ಎಷ್ಟು ಸಲ ಮುಖ ತೆಗೆದಿದೆ ಅನ್ನೋ ಗುರುತಿಗೆ ಹಿಂದುಗಡೆ ಎರಡು ಪಂಚ್ ಚುಕ್ಕೆ ಹೊಡೆದು ಕೊಟ್ಟರು. ಲೇತ್‌ದು ಒಂದು, ಇವತ್ತಿನದು ಒಂದು.

ತಮ್ಮ ರಿಂಗ್ ಸಮೇತ ಕಂಪನಿ ಮಾಲೇ ತಂದ, 11,500 ರೂಪಾಯಿ. ಡಬ್ಬದಿಂದ ತೆಗೆದಾಗ ಎಷ್ಟು ಚೆನ್ನಾಗಿತ್ತೆಂದರೆ ಮಕ್ಕಳು ಮುಖ ನೋಡಿಕೊಂಡವು. ತುಕ್ಕು ಹಿಡಿಯದಿರಲಿ ಅಂತ ಹಚ್ಚಿದ ಎಣ್ಣೆಯ ತೆಳು ಪದರ ಅದು. ಮೆಕ್ಯಾನಿಕ್ ಹುಡುಗ ಸೀಮೆಎಣ್ಣೆಯಲ್ಲಿ ಒರೆಸಿ ಕೂರಿಸಿಬಿಟ್ಟ. ಸೀಮೆಎಣ್ಣೆಯೇ ಒಂದು ಪದರ ಜಿಡ್ಡು ಬಿಡುತ್ತೆ ಅಲ್ವಾ? ಮೂರನೇ ದಿನ ಖಾಲಿ ಟ್ರೈಲರ್ ಎಳೆಯುವಾಗಲೇ ಗಾಡಿ ಕುಣಿಯಲು ಶುರುವಾಯಿತು. ಒಂದು ಸಲ ಜಾರುತ್ತೆ, ಒಂದು ಸಲ ಗಬಕ್ಕನೆ ಹಿಡಿಯುತ್ತೆ. ಮತ್ತೆ ಗಾಡಿ ಎರಡು ಹೋಳು. ಫ್ಲೈವೀಲನ್ನು ಥಿನ್ನರ್‌ನಲ್ಲಿ ತೊಳೆದು, ಬಟನ್‌ಗಳನ್ನು ಎಮೆರಿ ಪೇಪರಿನಲ್ಲಿ ಉಜ್ಜಿ ಮತ್ತೆ ಜೋಡಿಸಿದರು. ಸೆರಾಮಿಕ್ ಆಗಿದ್ದಕ್ಕೆ ಪ್ಲೇಟ್ ಉಳಿಯಿತು. ಮಾಮೂಲಿ ಲೈನಿಂಗ್ ಆಗಿದ್ದರೆ ಎಣ್ಣೆ ಕುಡಿದು ಹೊಸ ಪ್ಲೇಟೇ ದಂಡವಾಗುತ್ತಿತ್ತು. ಬಿಚ್ಚಿ ಜೋಡಿಸುವ ಕೂಲಿ ಎರಡು ಸಲ ಬಿತ್ತು.

ನಾನೇನು ಜಾಣ ಅಂತ ಹೇಳಿಕೊಳ್ಳುತ್ತಿಲ್ಲ. ಫ್ಲೈವೀಲ್ ಹಿಂದೆ ಕ್ರ್ಯಾಂಕಿನ ಆಯಿಲ್ ಸೀಲ್ ಇರುತ್ತೆ. 'ಚೆನ್ನಾಗೇ ಇದೆಯಲ್ಲ' ಅಂತ ಮುನ್ನೂರು ರೂಪಾಯಿ ಉಳಿಸಿದೆ. ಹೋದ ತಿಂಗಳು ಬೆಲ್ ಹೌಸಿಂಗ್ ಕೆಳಗಿನ ಸಣ್ಣ ತೂತಿನಿಂದ ಆಯಿಲ್ ತೊಟ್ಟಿಕ್ಕಿತು. ನನ್ನ ಗಾಡಿಯೂ ಎರಡನೇ ಸಲ ಹೋಳಾಯಿತು.

ಈಗ ಎರಡು ಸೀಸನ್ ಓಡಿಸಿದ ಮೇಲಿನ ಮಾತು. ನಾಲೆ ಏರಿ ಹತ್ತುವಾಗ, ಅದೇ ಟ್ರೈಲರ್, ಹೆಚ್ಚುಕಮ್ಮಿ ಅಷ್ಟೇ ಲೋಡ್, ಎರಡೂ ಗಾಡಿಯನ್ನು ನಾನೇ ಓಡಿಸಿ ನೋಡಿದ್ದೇನೆ. ಹಿಡಿತದಲ್ಲಿ ಕಣ್ಣು ಮುಚ್ಚಿ ಕೂತರೆ ಯಾವುದು ಯಾರದ್ದು ಅಂತ ಹೇಳಕ್ಕಾಗಲ್ಲ. ಎರಡೂ ಜಾರಲ್ಲ. ಎರಡೂ ಸೆರಾಮಿಕ್‌ನ ಬುದ್ಧಿಯಂತೆ ಸ್ವಲ್ಪ ಒರಟಾಗೇ ಹಿಡಿಯುತ್ತವೆ. ಅದು ಬಟನ್ ಪ್ಲೇಟಿನ ಗುಣ, ಫ್ಲೈವೀಲ್ ದೋಷ ಅಲ್ಲ. ಹಾಫ್ ಕ್ಲಚ್‌ನಲ್ಲಿ ಮೆತ್ತಗೆ ಎತ್ತಬೇಕು ಅನ್ನುವವರು ಈ ಪ್ಲೇಟಿನ ಸಹವಾಸವೇ ಮಾಡಬಾರದು. ಸೆಲ್ಫ್ ವಿಷಯದಲ್ಲಿ ಮಾತ್ರ ತಮ್ಮನದು ಒಂದು ಕೈ ಮೇಲು, ಚಳಿಯ ಬೆಳಗ್ಗೆಯೂ ಸದ್ದಿಲ್ಲದೆ ಕಚ್ಚುತ್ತೆ. ನನ್ನದು ಹತ್ತಕ್ಕೆ ಒಂದು ಸಲ ಗೊಣಗುತ್ತೆ.

ಆಯಿಲ್ ಸೀಲಿಗೆ ಬಿಚ್ಚಿದಾಗ ನನ್ನ ಫ್ಲೈವೀಲ್ ಮುಖ ನೋಡಿದೆ. ಬಟನ್‌ಗಳು ಉಜ್ಜಿ ಉಂಗುರದ ಹಾಗೆ ತೆಳುವಾದ ಗೆರೆ ಬಿದ್ದಿದ್ದವು, ಉಗುರಿಗೆ ಸಿಗುವಷ್ಟು. ಸೆರಾಮಿಕ್ ಕಬ್ಬಿಣವನ್ನು ಜಾಸ್ತಿ ತಿನ್ನುತ್ತೆ, ಇದು ನಿರೀಕ್ಷೆ ಮಾಡಿದ್ದೇ. ನೀಲಿ ಕಲೆ ಒಂದೇ ಒಂದು, ಅದೂ ಮಸುಕು. ತಮ್ಮನದು ಆಮೇಲೆ ಬಿಚ್ಚಿಲ್ಲ. ಅವನ ಡ್ರೈವರ್ ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಬೀಡಿ ಸೇದುವ ಗಿರಾಕಿ. ಒಳಗೆ ಕಲೆ ಎಷ್ಟಿದೆಯೋ ದೇವರಿಗೇ ಗೊತ್ತು.

ಯಾರಾದರೂ ಕೇಳಿದರೆ ನಾನು ಹೇಳೋದು ಇಷ್ಟು. ತಟ್ಟಿದರೆ ನಾದ ಬರುತ್ತಾ, ಬಿರುಕು ಬೋಲ್ಟ್ ತೂತು ಮುಟ್ಟಿಲ್ಲವಾ, ಅರ್ಧ ಮಿಲಿಮೀಟರ್ ತೆಗೆಯುವುದರೊಳಗೆ ಕಲೆ ಹೋಗುತ್ತಾ, ಹಾಗಾದರೆ ಕಲ್ಲಿನ ಸಾಣೆ ಸಾಕು. ಉಳಿದ ಒಂಬತ್ತು ಸಾವಿರದಲ್ಲಿ ರಿಲೀಸ್ ಬೇರಿಂಗ್, ಪೈಲಟ್ ಬೇರಿಂಗ್, ಆ ದರಿದ್ರ ಸೀಲ್ ಎಲ್ಲಾ ಹೊಸದು ಹಾಕಿಸಿ, ಮಿಕ್ಕಿದ್ದನ್ನು ಡೀಸೆಲ್‌ಗೆ ಇಟ್ಟುಕೊಳ್ಳಿ. ಹತ್ತಿರದಲ್ಲಿ ಲೇತ್ ಬಿಟ್ಟರೆ ಬೇರೆ ಗತಿ ಇಲ್ಲ, ಮೈಸೂರಿಗೆ ಹೋಗಿ ಬರುವಷ್ಟು ದಿನ ಗಾಡಿ ನಿಲ್ಲಿಸಕ್ಕಾಗಲ್ಲ ಅಂದರೆ ಹೊಸದೇ ತನ್ನಿ, ಸೀಮೆಎಣ್ಣೆ ಮಾತ್ರ ಮುಟ್ಟಿಸಬೇಡಿ. ಈಗಾಗಲೇ ಎರಡು ಸಲ ಲೇತೋ ಸಾಣೆಯೋ ಕಂಡಿದ್ದರೂ ಹೊಸದರ ಕಡೆಗೇ ನನ್ನ ಓಟು. ಅಂದರೆ ನನ್ನದೂ ಈಗ ಆ ಸಾಲಿಗೆ ಸೇರಿತು.

ತಮ್ಮನ ಹಳೇ ಫ್ಲೈವೀಲ್ ಕೊಟ್ಟಿಗೆ ಹಿಂದೆ ಬಿದ್ದಿದೆ. ಹುಲ್ಲಿನ ಮೆದೆಗೆ ಹೊದಿಸಿದ ಟಾರ್ಪಾಲ್ ಹಾರದಿರಲಿ ಅಂತ ಅದನ್ನು ಭಾರಕ್ಕೆ ಇಟ್ಟಿದ್ದಾರೆ. ಒಂದು ಸಲವೂ ಸಾಣೆ ಕಾಣದ ಮಾಲು. ಮೊನ್ನೆ ತುಕ್ಕು ಕೆರೆದು ಸುತ್ತಿಗೆಯಲ್ಲಿ ತಟ್ಟಿ ನೋಡಿದೆ, ಇನ್ನೂ ಗಂಟೆಯ ಹಾಗೇ ಇದೆ. "ಬೇಕಾದ್ರೆ ತಗೊಂಡೋಗಣ್ಣ, ನಂಗೇನ್ ಮಾಡಾಕೆ" ಅಂದಿದ್ದಾನೆ. ಮೆದೆಯ ಮೇಲೆ ಒಂದು ಕಲ್ಲು ಹೇರಿ, ಇದನ್ನು ಗೋಣಿಚೀಲಕ್ಕೆ ಹಾಕಿ ಮುಂದಿನ ವಾರ ಮತ್ತೆ ಮೈಸೂರಿನ ಬಸ್ ಹತ್ತಬೇಕು.